ಸಂಘದ ಉಳಿದ ಸದಸ್ಯರು

ಗಾದಿಲಿಂಗ: ಹಾರ ಹಾಕಿದ್ದು ಸನ್ಮಾನಕ್ಕಲ್ಲ ಅಂದ್ರ ಮತ್ಯಾತಕ್ಕ ಹಾಕಿದ್ರಿ ಅಯ್ನಾರ?

ವೀರಭದ್ರಯ್ಯ: ಉಪವಾಸ ಸತ್ಯಾಗ್ರಹಕ್ಕಲೇ. ಕುಂದ್ರೋರಿಗೆ ಹಾರ ಹಾಕೋದು ಪದ್ಧತಿ.

ಗಾದಿಲಿಂಗ: ಯಾತರ ವಿರುದ್ಧ ಕುಂದ್ರಬೇಕು?

ಪುಷ್ಪಲತಾ: ನಿನ್ನ ವೈವಾದ ವಿರುದ್ಧ. ಕೈಯಾಗಿನ ಮಿರ್ಚಿ ತಿಂದು ಕುಂದ್ರು, ಅವಸರ ಇಲ್ಲ.

ಅನ್ನದಾನಮ್ಮ: ನನ್ನ ಅಂಗಡಿ ಮುಂದ ಉಪವಾಸ ಕುಂದ್ರಬ್ಯಾಡ್ರೆಪ್ಪ. ಈಗ ಬೋಣಿಗಿ ಆಗೈತಿ.

ಕೊಟ್ಟೂರು ಬಸ್ ನಿಲ್ದಾಣದ ಎದುರಿನ ಮಿರ್ಚಿ ಅಂಗಡಿ ಅನ್ನದಾನಮ್ಮನದು. ಅದರ ಬೆಂಚಿನ ಮೇಲೆ, ಕೊರಳಲ್ಲಿ ಹಡಗಲಿ ಮಲ್ಲಿಗೆಯ ಹಾರ ಹಾಕಿಸಿಕೊಂಡು ಬೆಪ್ಪಾಗಿ ಕೂತಿದ್ದ ಗಾದಿಲಿಂಗನಿಗೆ ಆ ದಿನ ಮಧ್ಯಾಹ್ನ ಹೊಸಪೇಟೆ ಕಡೆಯ ವಿಶ್ವವಿದ್ಯಾಲಯದಲ್ಲಿ ವೈವಾ. ಇಷ್ಟು ವರ್ಷ ಬರೆದದ್ದನ್ನು ಪರೀಕ್ಷಕರ ಮುಂದೆ ಬಾಯಿಬಿಟ್ಟು ಒಪ್ಪಿಸಿದರೆ ಪಿಎಚ್.ಡಿ. ಕೈಗೆ ಬರುತ್ತದೆ. ಅದು ಬಂದರೆ ಕಾನಹೊಸಹಳ್ಳಿಯ ದುರ್ಗಾದೇವಿ ಹೆಂಡತಿಯಾಗಿ ಮನೆಗೆ ಬರುತ್ತಾಳೆ. ಡಾಕ್ಟರ್ ಆದ ಮೇಲೇ ಮುಹೂರ್ತ ಎಂದು ಅವಳಪ್ಪ ಹೇಳಿ ಹೇಳಿ ಸಾಕಾಗಿ, ಈಚೆಗೆ ಹೇಳುವುದನ್ನೇ ಬಿಟ್ಟಿದ್ದ.

ಹಾರ ತಂದವರು ಆ ವಿಶ್ವವಿದ್ಯಾಲಯದ ಕೊಟ್ಟೂರು ಸ್ನಾತಕೋತ್ತರ ಕೇಂದ್ರದ ಸಂಶೋಧನಾ ವಿದ್ಯಾರ್ಥಿಗಳ ಸಂಘದ ಅಧ್ಯಕ್ಷ ವೀರಭದ್ರಯ್ಯ ಮತ್ತು ಕಾರ್ಯದರ್ಶಿ ಪುಷ್ಪಲತಾ. ಇಬ್ಬರೂ ಅವನ ಜೊತೆಯಲ್ಲೇ ಸಂಶೋಧನೆಗೆ ಸೇರಿದವರು. ಆಮೇಲೆ ಆ ಕೇಂದ್ರಕ್ಕೆ ಹೊಸಬರು ಯಾರೂ ಬರಲಿಲ್ಲ. ಹಾಗಾಗಿ ಇವರಿಬ್ಬರನ್ನು ಬಿಟ್ಟರೆ ಸಂಘದ ಉಳಿದ ಸದಸ್ಯರೆಲ್ಲ ಸೇರಿ ಗಾದಿಲಿಂಗ ಒಬ್ಬನೇ.

ವೀರಭದ್ರಯ್ಯ: ನೀ ಮುಗಿಸಿಕೊಂಡು ಹ್ವಾದ್ರ ಸಂಘದ ಗತಿ ಏನಲೇ?

ಗಾದಿಲಿಂಗ: ಇವನ ವೈವಾ ಲಗೂನ ಮಾಡ್ರಿ ಅಂತ ಮನವಿ ಕೊಟ್ಟಾವ್ರು ನೀವ ಅಲ್ಲೇನು?

ಪುಷ್ಪಲತಾ: ಕೊಟ್ವಿ. ಅವ್ರು ಮಾಡ್ತಾರಂತ ಯಾರಿಗೆ ಗೊತ್ತಿತ್ತು?

ವೀರಭದ್ರಯ್ಯ: ಇಲ್ಲೀತನಕ ನಮ್ಮ ಒಂದು ಮನವಿಗಾರ ಒಪ್ಪ್ಯಾರೇನು? ಇದಕ್ಕ ಒಪ್ಪ್ಯಾರ ಅಂದ್ರ ಸಂಘ ಒಡಿಯೋ ಹುನ್ನಾರ ಐತಿ.

ಗಾದಿಲಿಂಗ: ಅಲ್ರಿ, ಸಂಘ ಅನ್ನೋದು ಇರೋದು ಯಾತಕ್ಕ?

ವೀರಭದ್ರಯ್ಯ: ವಿದ್ಯಾರ್ಥಿಗಳ ಕಷ್ಟ ಮ್ಯಾಲಿನವ್ರಿಗೆ ಮುಟ್ಟಸಾಕ.

ಗಾದಿಲಿಂಗ: ನನ್ನ ಕಷ್ಟ ಇವತ್ತಿಗೆ ಮುಗೀತೈತಿ.

ವೀರಭದ್ರಯ್ಯ: ಅದ ನೋಡು ಈಗ ಸಂಘದ ಕಷ್ಟ.

ಅನ್ನದಾನಮ್ಮ: ನೀವಿಬ್ರು ಅದೀರಲ್ಲಪ್ಪ, ನೀವ ಒಂದಿಷ್ಟು ಕಷ್ಟ ಪಡ್ರಿ.

ಪುಷ್ಪಲತಾ: ನಾವು ಪದಾಧಿಕಾರಿಗಳಮ್ಮ. ಕಷ್ಟ ಕೇಳೋರು. ಪಡೋರು ಸಾಮಾನ್ಯ ಸದಸ್ಯರು.

ಗಾದಿಲಿಂಗನಿಗೆ ಇಷ್ಟು ದಿನ ನುಂಗಿಕೊಂಡದ್ದೆಲ್ಲ ಬಾಯಿಗೆ ಬಂತು.

ಗಾದಿಲಿಂಗ: ಎಷ್ಟಂತ ಪಡ್ಲಿ ಪುಷ್ಪಕ್ಕ? ಓದೋ ಕೋಣ್ಯಾಗ ಫ್ಯಾನ್ ತಿರುಗವಲ್ದು ಅಂತ ಧರಣಿ ಮಾಡಿದಾಗ ನೀವಿಬ್ರು 'ಬೇಕೇ ಬೇಕು' ಅಂದ್ರಿ. 'ನ್ಯಾಯ ಬೇಕು' ಅಂತ ಒದರಿದಾವ ನಾನೊಬ್ನ. ಮಂದಿ ಭಾಳ ಕಾಣ್ಲಿ ಅಂತ ಮೊಬೈಲು ತಿರುಗಿಸ್ಕೋಂತ ಉದ್ದಕ ಫೋಟೊ ತೆಗದ್ರಿ. ನಾನು ಹಿಂದಿಂದ ಓಡಿ ಓಡಿ ಹೋಗಿ ಮೂರು ಕಡಿ ನಿಂತೆ.

ಪುಷ್ಪಲತಾ: ಅದರಾಗ ಒಂದು ಕಡಿ ನಿನಗ ತಲೀನ ಬಂದಿದ್ದಿಲ್ಲ. ಆದ್ರೂ ಸಂಘ ನಿನಗ ಒಂದು ಮಾತು ಅಂತೇನು?

ಗಾದಿಲಿಂಗನ ಫೋನು ಬಡಿದುಕೊಂಡಿತು. ದುರ್ಗಾದೇವಿ.

ದುರ್ಗಾದೇವಿ: ಬಸ್ಸು ಹತ್ತಿದ್ರೇನು? ಅಪ್ಪ ಮುಹೂರ್ತ ತೆಗಿಯೋರನ್ನ ಎದುರಿಗೆ ಕುಂದರಿಸಿಕೊಂಡು ಕುಂತಾನ. ಈ ಸಲ ಏನಾರ ತಪ್ಪಿದ್ರ ಬ್ಯಾರೆ ಕಡಿ ನೋಡ್ತಾನಂತ.

ಗಾದಿಲಿಂಗ: ಇನ್ನೇನು ಹತ್ತತೀನಿ.

ಅಷ್ಟರಲ್ಲಿ ಹೊಸಪೇಟೆ ಬಸ್ಸು ಬಂತು. ಗಾದಿಲಿಂಗ ಎದ್ದ. ಪ್ರಬಂಧ ತುಂಬಿದ್ದ ಅವನ ಚೀಲವನ್ನು ಆ ಕಡೆಯಿಂದ ವೀರಭದ್ರಯ್ಯ ಹಿಡಿದ. ಎಳೆದಾಡಿದರೆ ಪುಟಗಳು ಚೆಲ್ಲುತ್ತವೆ. ಗಾದಿಲಿಂಗ ಬುದ್ಧಿ ಓಡಿಸಿದ. ಸಂಶೋಧನೆಗೆ ಸೇರಿದ ಮೇಲೆ ಅದನ್ನು ಅಷ್ಟು ಜೋರಾಗಿ ಓಡಿಸಿದ್ದು ಅದೇ ಮೊದಲು.

ಗಾದಿಲಿಂಗ: ಅಯ್ನಾರ, ಸಂಘದಾಗ ಎಲ್ಲಾರಿಗಿಂತ ದೊಡ್ಡದು ಯಾವುದು?

ವೀರಭದ್ರಯ್ಯ: ಸಾಮಾನ್ಯ ಸದಸ್ಯರ ಸಭೆ.

ಗಾದಿಲಿಂಗ: ಸಾಮಾನ್ಯ ಸದಸ್ಯರು ಯಾರ್ಯಾರು?

ಪುಷ್ಪಲತಾ: ನೀನ.

ಗಾದಿಲಿಂಗ: ಹಂಗಾರ ಸಭೆ ಸೇರೈತಿ. ನಿಮ್ಮಿಬ್ರ ಮ್ಯಾಲ ಸದಸ್ಯರಿಗೆ ವಿಶ್ವಾಸ ಇಲ್ಲ. ಒಪ್ಪೋರು ಕೈ ಎತ್ರಿ.

ಮಿರ್ಚಿ ಹಿಡಿದ ಕೈಯನ್ನು ತಾನೇ ಎತ್ತಿದ.

ಗಾದಿಲಿಂಗ: ಸರ್ವಾನುಮತ. ಇನ್ನ ನೀವು ಸಾಮಾನ್ಯ ಸದಸ್ಯರು, ನಾನು ಅಧ್ಯಕ್ಷ. ಸಂಘಕ್ಕ ಇಬ್ರು ಸದಸ್ಯರು ಸಿಕ್ರು. ಚೀಲ ಬಿಡ್ರಿ.

ನಿಯಮ ಎಂದರೆ ವೀರಭದ್ರಯ್ಯನಿಗೆ ಪ್ರಾಣ. ಚೀಲ ಬಿಟ್ಟ. ಗಾದಿಲಿಂಗ ಬಸ್ಸಿನ ಮೆಟ್ಟಿಲಿಗೆ ಒಂದು ಕಾಲು ಇಟ್ಟ.

ವೀರಭದ್ರಯ್ಯ: ಅಧ್ಯಕ್ಷರ, ಒಂದು ಮಾತ್ರಿ. ಓದೋ ಕೋಣ್ಯಾಗ ಫ್ಯಾನ್ ತಿರುಗವಲ್ದುರಿ.

ಪುಷ್ಪಲತಾ: ನನ್ನ ಅಧ್ಯಾಯ ಗೈಡು ಓದವಲ್ರು ಸರ್. ನೀವ ಒಂದು ಮಾತು ಕೇಳಬೇಕ್ರಿ.

ಸೇರಿದ ದಿನದಿಂದ 'ಲೇ' ಎನ್ನಿಸಿಕೊಂಡ ಜೀವ ಅದು. ಅಧ್ಯಕ್ಷರು, ಸರ್ ಎಂಬ ಮಾತು ಕಿವಿಗೆ ಬಿದ್ದದ್ದೇ ಗಾದಿಲಿಂಗನ ಮೈ ಜುಮ್ಮೆಂದಿತು. ಇನ್ನೊಂದು ಕಾಲು ನೆಲ ಬಿಡಲೊಲ್ಲದು.

ಕಂಡಕ್ಟರ್: ಹತ್ತಿದ್ರ ಹತ್ರಿ ಹಾರದವ್ರ, ಇಲ್ಲಾ ಇಳೀರಿ.

ಗಾದಿಲಿಂಗ: ಪುಷ್ಪಕ್ಕ, ಡಾಕ್ಟರ್ ಆದ ಮ್ಯಾಲೂ ಅಧ್ಯಕ್ಷ ಇರಾಕ ಬರ್ತೈತೇನು?

ಪುಷ್ಪಲತಾ: ಹೆಂಗ ಬರ್ತೈತ್ರಿ ಸರ್? ಆವಾಗ ನೀವು ವಿದ್ಯಾರ್ಥಿ ಅಲ್ಲಲ್ಲ.

ಗಾದಿಲಿಂಗ ಬಸ್ಸನ್ನು ನೋಡಿದ, ತನ್ನ ಇಬ್ಬರು ಸದಸ್ಯರನ್ನು ನೋಡಿದ. ಕಾಲು ಕೆಳಗಿಳಿಸಿದ. ಬಸ್ಸು ಅವನನ್ನು ಬಿಟ್ಟು ಹೊಸಪೇಟೆಯ ದಾರಿ ಹಿಡಿಯಿತು.

ಅನ್ನದಾನಮ್ಮ: ಬಸ್ಸು ಹೋತಲ್ಲಪ್ಪ.

ಗಾದಿಲಿಂಗ: ಹೋಗ್ಲಿ ಬಿಡವ್ವ. ನಾ ಹ್ವಾದ್ರ ಈ ಹುಡುಗ್ರ ಗತಿ ಏನು?

ಫೋನು ಮತ್ತೆ ಬಡಿದುಕೊಂಡಿತು. ಗಾದಿಲಿಂಗ ಬೆಂಚಿನ ನಡುವೆ ಕೂತು, ಹಾರ ನೆಟ್ಟಗೆ ಮಾಡಿಕೊಂಡು, ಗಂಟಲು ಸರಿಪಡಿಸಿಕೊಂಡ.

ಗಾದಿಲಿಂಗ: ಹಲೋ ದುರ್ಗಾದೇವಿಯವ್ರ. ಹೌದು, ಅಧ್ಯಕ್ಷರ ಮಾತಾಡಾಕತ್ತೀವಿ. ತಮ್ಮ ಮನವಿ ಏನೈತಿ ಹೇಳ್ರಿ.