ಅನಂತಕ್ಕೂ ದಂತಕ್ಕೂ

ಬಸ್ ಕಂಪನಿಯಲ್ಲಿ ವೇಳಾಪಟ್ಟಿ ತಯಾರಿಸುವವನ ಬಾಳು ನಿಮಗೆ ಗೊತ್ತಿರಲಾರದು. ಇಡೀ ದಿನ ಹೊತ್ತನ್ನು ತರಕಾರಿಯಂತೆ ಕೊಚ್ಚುವುದೇ ನನ್ನ ಕೆಲಸ. ಯಾವ ಬಸ್ಸು ಯಾವ ನಿಮಿಷಕ್ಕೆ ಹೊರಡಬೇಕು, ಚಾಲಕ ಎಷ್ಟು ನಿಮಿಷ ಉಸಿರಾಡಬಹುದು ಎಂದು ಗೊತ್ತುಮಾಡಿ ಮಾಡಿ, ಮನೆಯಲ್ಲಿ ಹೆಂಡತಿ "ಊಟಕ್ಕೆ ಬನ್ನಿ" ಎಂದರೂ "ಎಷ್ಟು ಗಂಟೆಯದು?" ಎಂದು ಕೇಳುವಂತಾಗಿದ್ದೆ. ಇಂಥವನಿಗೆ ನಡುವಯಸ್ಸಿನಲ್ಲಿ ಒಂದು ಹಂಬಲ ಹುಟ್ಟಿತು. ಆದಿಯಿಲ್ಲದ, ಅಂತ್ಯವಿಲ್ಲದ, ಯಾವ ಗಡಿಯಾರಕ್ಕೂ ಬಗ್ಗದ ಏನನ್ನಾದರೂ ಮಾಡಿ ಸಾಯಬೇಕು.

ಹೊತ್ತಿಗೆ ಸರಿಯಾಗಿ ನನ್ನ ಭಾವಮೈದುನ ಮನೆ ಬದಲಾಯಿಸಿದ. ತನಗೆ ಬೇಡವಾದ ಎರಡು ಸಿಂಥಸೈಜರ್‌ಗಳನ್ನು, ಅಂದರೆ ಕರೆಂಟಿನಲ್ಲಿ ನುಡಿಯುವ ಹಾರ್ಮೋನಿಯಂನಂಥವನ್ನು, ನಮ್ಮಲ್ಲಿ ಇಳಿಸಿ ಹೋದ. ಒಂದು ಸಂಜೆ ಸುಮ್ಮನೆ ಒಂದು ಕೀಲಿಯನ್ನು ಒತ್ತಿದೆ. ಅದು ಕೆಳಗೇ ಕಚ್ಚಿಕೊಂಡು ಕೂತಿತು. "ಗೂಂ…" ಎಂಬ ಮಂದ್ರ ಸ್ವರವೊಂದು ಹೊರಟಿತು, ನಿಲ್ಲಲಿಲ್ಲ. ನಾನು ಅಲುಗಾಡದೆ ಕೂತೆ. ಯಾವ ಬಸ್ಸೂ ಬರಲಿಲ್ಲ, ಯಾವ ಬಸ್ಸೂ ಹೋಗಲಿಲ್ಲ. ನಿಜ ಹೇಳುತ್ತೇನೆ, ಕಣ್ಣಲ್ಲಿ ನೀರು ಬಂತು.

ಹೀಗೆ ಒಂದೇ ಸ್ವರವನ್ನು ಎಳೆದೆಳೆದು ನಿಲ್ಲಿಸುವ ಸಂಗೀತಕ್ಕೆ ಡ್ರೋನ್ ಎನ್ನುತ್ತಾರೆಂದೂ, ಬಲ್ಲವರು ಅದರಲ್ಲೇ ಇಡೀ ಆಲ್ಬಂ ಮಾಡುತ್ತಾರೆಂದೂ ಆಮೇಲೆ ತಿಳಿಯಿತು. ಅಂದೇ ಸಂಕಲ್ಪ ಮಾಡಿದೆ. ಆಲ್ಬಂನ ಹೆಸರು "ಅನಂತ".

ನನ್ನ ಹೆಂಡತಿ ದಂತವೈದ್ಯೆ. ಮನೆಯ ಮುಂಭಾಗವೇ ಅವಳ ಕ್ಲಿನಿಕ್. ಹೊರಕೋಣೆಯಲ್ಲಿ ಮೇಜು ಹಾಕಿಕೊಂಡು ರೋಗಿಗಳನ್ನು ಸರದಿಯಂತೆ ಒಳಗೆ ಬಿಡುವವರು ನನ್ನ ಅತ್ತೆ. (ನನ್ನನ್ನು ಈ ಮನೆಯೊಳಗೆ ಬಿಟ್ಟದ್ದೇ ತಮ್ಮ ಬಾಳಿನ ಒಂದೇ ತಪ್ಪೆಂದು ಅವರ ನಂಬಿಕೆ.) ನಾನು ಹಿಂದಿನ ಕೋಣೆಯಲ್ಲಿ ಸ್ವರ ಹಿಡಿದು ಕೂತರೆ ಮುಂದಿನ ಕೋಣೆಯಿಂದ ಹಲ್ಲು ಕೊರೆಯುವ ಯಂತ್ರ "ಕುಂಯ್ಯ್" ಎನ್ನುತ್ತಿತ್ತು. ರೆಕಾರ್ಡಿಂಗ್ ಹಾಳಾಗುತ್ತಿತ್ತು.

"ಸ್ವಲ್ಪ ಮೆಲ್ಲಗೆ ಕೊರೀಬಾರ್ದಾ?" ಎಂದು ಒಂದು ದಿನ ಕೇಳಿಯೇಬಿಟ್ಟೆ.

"ಮೆಲ್ಲಗೆ ಕೊರೆಯೋದು ನಿಮ್ಮ ಕೆಲಸ, ನನ್ನದಲ್ಲ. ಅಷ್ಟಕ್ಕೂ ಅನಂತ ಅಂದ್ರೆ ಎಷ್ಟು ಹೊತ್ತು ಬರುತ್ತೆ?"

"ಅದಕ್ಕೆ ಹೊತ್ತಿಲ್ಲ ಕಣೇ."

"ನಂಗಂತೂ ಅದಕ್ಕೆ ಹೊತ್ತಿಲ್ಲ. ನೋಡ್ರೀ, ನಿಮ್ಮ ಅನಂತಕ್ಕೂ ನನ್ನ ದಂತಕ್ಕೂ ಆಗಿಬರಲ್ಲ."

ಅತ್ತೆ ನಡುವೆ ಬಾಯಿ ಹಾಕಿದರು. "ಫ್ರಿಜ್ಜು ಕೆಟ್ಟಿದೆ ಅಂದ್ಕೊಂಡು ನಾನು ಎರಡು ಸಲ ಸ್ವಿಚ್ ತೆಗೆದು ಹಾಕಿದೆ. ಹಾಲು ಒಡೀತು."

ಹೀಗೆಲ್ಲ ಹಲ್ಲು ಕಚ್ಚಿ ಸಹಿಸಿಕೊಂಡು ನಾನು ಆಲ್ಬಂ ಮುಗಿಸಿದೆ. ಮೂರು ಭಾಗ. ಮೊದಲನೆಯದರಲ್ಲಿ ಏನೂ ಆಗುವುದಿಲ್ಲ. ಎರಡನೆಯದು ಅದರ ಮುಂದುವರಿಕೆ. ಮೂರನೆಯದರಲ್ಲಿ ಸ್ವರ ಒಂದಿಷ್ಟು ಕೆಳಗಿಳಿಯುತ್ತದೆ. ಆ ಜಾಗ ಬಂದಾಗ ನಾನು ಈಗಲೂ ಕಣ್ಣು ಮುಚ್ಚಿ ಕೈಮುಗಿಯುತ್ತೇನೆ.

ಅದೇ ದಿನಗಳಲ್ಲಿ ಹೆಂಡತಿ ಮಂಕಾಗಿದ್ದಳು. ಒಬ್ಬ ಲಾರಿ ಚಾಲಕ ದವಡೆ ಊದಿಸಿಕೊಂಡು ಬರುವುದು, ಒಳಗಿನ ಯಂತ್ರದ ಸದ್ದು ಕೇಳಿದ್ದೇ ತಡ ಎದ್ದು ಓಡುವುದು ನಡೆದಿತ್ತು.

"ಕೀವು ಗಂಟಲಿಗಿಳಿದ್ರೆ ಉಸಿರೇ ನಿಲ್ಲಬಹುದು ರೀ. ಅಷ್ಟು ದೊಡ್ಡ ಆಳು, ಮಗು ಥರ ಓಡಿಹೋಗ್ತಾನೆ. ಏನಾದ್ರೂ ಹೆಚ್ಚುಕಮ್ಮಿ ಆದ್ರೆ?" ಎಂದವಳ ತಟ್ಟೆಯಲ್ಲಿ ಅನ್ನ ಹಾಗೇ ಇತ್ತು.

ನಾನು ಗಂಭೀರವಾಗಿ ಹೇಳಿದೆ. "ಹೊರಕೋಣೆಯಲ್ಲಿ ನನ್ನ ಆಲ್ಬಂ ಹಾಕು. ಯಂತ್ರದ ಸದ್ದು ಮುಚ್ಚಿಹೋಗುತ್ತೆ. ಮನಸ್ಸು ಶಾಂತ ಆಗುತ್ತೆ."

ಮುಳುಗುವವಳಿಗೆ ಹುಲ್ಲುಕಡ್ಡಿಯೂ ಆಸರೆ. "ಹಾಕಿ" ಎಂದಳು.

ಮರುದಿನ ರಜೆ ಹಾಕಿ ಬಾಗಿಲ ಸಂದಿಯಲ್ಲಿ ನಿಂತೆ. ಚಾಲಕ ಬಂದ, ಮುಖ ಕುಂಬಳಕಾಯಿಯಾಗಿತ್ತು. ಕೂತ. ಮೊದಲ ಭಾಗ ನಡೆಯುತ್ತಿತ್ತು. ಅವನು ಮೇಲೆ ನೋಡಿದ, ಕೆಳಗೆ ನೋಡಿದ, ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡ. ಎರಡನೆಯ ಭಾಗ ಆರಂಭವಾಗುತ್ತಲೇ ಧಡಕ್ಕನೆ ಎದ್ದ. ಆದರೆ ಅವನು ಬೀದಿಗೆ ಓಡಲಿಲ್ಲ. ಅತ್ತೆಯನ್ನೂ ಕೇಳದೆ ನೇರ ಒಳಗೆ ನುಗ್ಗಿ ಕುರ್ಚಿಯಲ್ಲಿ ಮಲಗಿ ಬಾಯಿ ತೆರೆದ.

ಹಲ್ಲು ಹೊರಬಂತು, ಕೀವು ಹರಿಯಿತು, ಆಸಾಮಿ ಉಳಿದುಕೊಂಡ. ಆ ದಿನ ಹೆಂಡತಿ ನನ್ನ ಕೈ ಹಿಡಿದು, "ನಿಮ್ಮಿಂದ ಒಂದು ಜೀವ ಉಳೀತು" ಎಂದಳು. ಮದುವೆಯಾದಂದಿನಿಂದ ನನ್ನಿಂದ ಉಳಿದದ್ದು ಎಂದು ಅವಳು ಹೇಳಿದ್ದು ಅದೊಂದೇ.

ಅಂದಿನಿಂದ ಕ್ಲಿನಿಕ್‌ನಲ್ಲಿ "ಅನಂತ" ನಿರಂತರವಾಯಿತು. ಹೊರಕೋಣೆಯಿಂದ ಓಡುವವರೇ ಇಲ್ಲ. "ನನ್ನ ಮೊದಲು ಬಿಡಿ" ಎಂದು ಅತ್ತೆಯ ಮೇಜಿನ ಮುಂದೆ ನೂಕುನುಗ್ಗಲು. ಕಚೇರಿಯಲ್ಲಿ ನಾನು ನಾದಚಿಕಿತ್ಸೆಯ ಬಗ್ಗೆ ಮಾತಾಡತೊಡಗಿದೆ. ನನ್ನನ್ನು ಕಂಡರೆ ಚಾಲಕರು ಬಸ್ಸನ್ನು ಹೊತ್ತಿಗೆ ಮುಂಚೆಯೇ ಹೊರಡಿಸತೊಡಗಿದರು.

ಹೀಗಿರುತ್ತ ನನ್ನದೇ ಒಂದು ದವಡೆ ಹಲ್ಲು ಸಿಡಿಯಲು ಶುರುವಾಯಿತು. ಮನೆಯವನಲ್ಲವೇ ಎಂದು ನೇರ ಒಳಗೆ ಹೋಗಹೊರಟರೆ ಅತ್ತೆ ತಡೆದರು. "ಸರದಿ ಪ್ರಕಾರ."

ಕೆನ್ನೆ ಹಿಡಿದುಕೊಂಡು ಕೂತೆ. ಮೂರನೆಯ ಭಾಗ ನಡೆಯುತ್ತಿತ್ತು. ಸ್ವರ ಕೆಳಗಿಳಿಯುವ ಆ ಜಾಗ ಬಂತು. ಇಳಿದ ಸ್ವರ ನೆಟ್ಟಗೆ ಹಲ್ಲಿನ ಬೇರಿಗೇ ಹೋಗಿ ಅಲ್ಲಿ ಚಾಪೆ ಹಾಸಿಕೊಂಡು ಮಲಗಿತು. ಪಕ್ಕದಲ್ಲಿದ್ದ ಅಜ್ಜಿ ನನ್ನ ಮುಖ ನೋಡಿ ಮರುಗಿದರು.

"ಮೊದಲನೇ ಸಲ ಬರ್ತಿದ್ದೀಯೇನಪ್ಪಾ? ಹೆದರ್ಕೋಬೇಡ. ಒಳಗೆ ಹೋದ್ರೆ ಇದು ಕೇಳ್ಸಲ್ಲ."

"ಯಾವುದಮ್ಮ?"

"ಇದೇ, ಈ ಗೂಂ ಅನ್ನೋದು. ಅದಕ್ಕೇ ಎಲ್ಲರೂ ಒಳಗೆ ಹೋಗೋಕೆ ಹಾತೊರೆಯೋದು. ನಾನಂತೂ ಹೋದ ಸಲ, ಇನ್ನೊಂದು ಹಲ್ಲೂ ನೋಡಮ್ಮ ಅಂತ ಒಳಗೇ ಕೂತುಬಿಟ್ಟೆ."

ಅವಮಾನಪಡುವಷ್ಟು ಬಿಡುವನ್ನೂ ಹಲ್ಲುನೋವು ಕೊಡಲಿಲ್ಲ. ಆಮೇಲೆ ಆದದ್ದು ನನಗೆ ಮಸುಕುಮಸುಕು. ಎದ್ದೆ, ಅಜ್ಜಿಯನ್ನು ದಾಟಿದೆ, ಅತ್ತೆಯ ಕೈ ತಪ್ಪಿಸಿಕೊಂಡು ಒಳಗೆ ನುಗ್ಗಿ ಬಾಗಿಲು ಹಾಕಿದೆ.

ಹೆಂಡತಿ ತಾನೇ ಹೋಗಿ ಬಾಗಿಲು ತೆರೆದು, "ಅಮ್ಮಾ, ಅದನ್ನ ನಿಲ್ಲಿಸಮ್ಮ" ಎಂದು ಮೆಲ್ಲಗೆ ಹೇಳಿ ಬಂದಳು. ಆ ಕರುಣೆಗೆ ನಾನು ಕುರ್ಚಿಯಲ್ಲೇ ಕರಗಿಹೋದೆ.

"ನಿಂಗೆ ಮೊದಲೇ ಗೊತ್ತಿತ್ತಾ?" ಎಂದೆ.

"ನೀವು ಅಷ್ಟು ಖುಷಿಯಾಗಿದ್ರಿ. ಹೇಗೆ ಹೇಳ್ಲಿ?" ಎಂದು ಬಾಯೊಳಗೆ ಹತ್ತಿ ತುರುಕಿದಳು. "ಈಗ ಆ ಅನ್ನಿ. ನಿಲ್ಲಿಸಬೇಡಿ, ಅಂತಾನೇ ಇರಿ."

ನೋವು, ನಾಚಿಕೆ, ಅವಳ ಮೇಲಿನ ಪ್ರೀತಿ ಎಲ್ಲ ಸೇರಿ ಎದೆಯಾಳದಿಂದ ಹೊರಟಿತು ಸ್ವರ. "ಆ…" ಎಂದೆ. ಎಳೆದೆ. ಅಲುಗದೆ, ಏರದೆ, ಇಳಿಯದೆ ನಿಂತಿತು.

ಹೊರಗಿನಿಂದ ಅತ್ತೆಯ ದನಿ ಕೇಳಿತು.

"ಅಯ್ಯೋ, ಸ್ವಿಚ್ ಕಿತ್ತೇ ಹಾಕಿದ್ನಲ್ಲೇ! ಮತ್ತೆ ಹೇಗೆ ಶುರುವಾಯ್ತು ಇದು?"