ಕೃಷಿಹೊಂಡದ ನಾತನೌಕೆ

"ವಾಸನೆ ಅಂದ್ರೆ ಏನು ಮಹಾ? ಭಾನುವಾರದೊಳಗೆ ಈ ಕ್ಯಾಬಿನ್‌ನಲ್ಲಿ ಮಲ್ಲಿಗೆ ಘಮ ಬರಿಸದೇ ಹೋದ್ರೆ ನನ್ನ ಹೆಸರು ಮೋಹನ್‌ಬಾಬುನೇ ಅಲ್ಲ!" ಎಂದು ಹೆಂಡತಿ, ಮಗಳ ಎದುರು ಎದೆ ತಟ್ಟಿಕೊಂಡು ಘೋಷಿಸಿದೆ.

ಕ್ಯಾಬಿನ್ ಎಂದರೆ ಬೋಟಿನ ಕ್ಯಾಬಿನ್. ನಗರಗೆರೆಯಲ್ಲಿ ಬೋಟು ಎಲ್ಲಿಂದ ಬಂತು ಎಂದು ಕೇಳಬೇಡಿ, ಇಡೀ ಊರು ಕೇಳಿ ಸುಸ್ತಾಗಿದೆ. ಯಾವುದೋ ರೆಸಾರ್ಟಿನವರು ಬೇಡವೆಂದು ಮೂಲೆಗೆ ತಳ್ಳಿದ್ದನ್ನು ಲಾರಿಗೆ ಹೇರಿಸಿಕೊಂಡು ಬಂದು, ನಮ್ಮ ದ್ರಾಕ್ಷಿ ತೋಟದ ಕೃಷಿಹೊಂಡಕ್ಕೆ ಇಳಿಸಿದ್ದೆ. ಅದರ ಮೇಲೊಂದು ಪುಟ್ಟ ಕೋಣೆ, ಒಳಗೆ ಎದುರುಬದುರು ಸೀಟು. ಈ ದಡದಲ್ಲಿ ಹುಟ್ಟು ಹಾಕಿದರೆ ಸಾಕು, ಮೂತಿ ಆ ದಡಕ್ಕೆ ಡಿಕ್ಕಿ ಹೊಡೆಯುತ್ತಿತ್ತು. ಇರಲಿ! ಕುಡುಮಲಕುಂಟೆಯ ಫ್ಯಾಕ್ಟರಿಯಲ್ಲಿ ನಾನು ಬರೀ ಸೂಪರ್‌ವೈಸರ್. ತೋಟಕ್ಕೆ ಬಂದರೆ ಕ್ಯಾಪ್ಟನ್!

ಮಗಳು ಶಿರೀಷಾ ಆ ಬೋಟಿನ ಫೋಟೋವನ್ನು ವಾಟ್ಸ್‌ಆ್ಯಪ್ ಸ್ಟೇಟಸ್‌ಗೆ ಹಾಕಿದ್ದೇ ಎಡವಟ್ಟಾಯಿತು. ಭಾನುವಾರ ಅವಳನ್ನು ನೋಡಲು ಬರಬೇಕಿದ್ದ ಚಿಂತಾಮಣಿಯ ಹುಡುಗ ಅದನ್ನು ಕಂಡು, "ನಾವಿಬ್ಬರೂ ಬೋಟಲ್ಲೇ ಕೂತು ಮಾತಾಡೋಣ" ಎಂದುಬಿಟ್ಟ. ಬಾಗಿಲು ತೆರೆದು ನೋಡಿದರೆ ನಾಲ್ಕು ತಿಂಗಳು ಮುಚ್ಚಿದ್ದ ಕೋಣೆಯಿಂದ ಒದ್ದೆ ಗೋಣಿಚೀಲ, ಸತ್ತ ಇಲಿ, ಹಳಸಿದ ಸಾರು ಮೂರೂ ಕೂಡಿ ಸಂಸಾರ ಹೂಡಿದಂಥ ನಾತ!

"ಅಪ್ಪಾ, ಹುಡುಗನ ಹತ್ರ ಫೋನಲ್ಲಿ ಮಾತಾಡಿದೀನಿ. ನಂಗೆ ತುಂಬಾ ಇಷ್ಟ ಆಗಿದಾರೆ. ಅವರಮ್ಮನಿಗೆ ಮಾತ್ರ ಮೂಗು ಭಾರಿ ಚುರುಕಂತೆ. ಕೆಡಿಸಬೇಡಪ್ಪಾ," ಎಂದಳು ಶಿರೀಷಾ. ಅವಳ ಕಣ್ಣಲ್ಲಿ ಆಸೆಯೂ ಇತ್ತು, ಅಂಜಿಕೆಯೂ ಇತ್ತು. ಹಾಗಾಗಿಯೇ ಆ ಘೋಷಣೆ.

ಮೊದಲ ದಾಳಿ ಫಿನಾಯಿಲಿನದು. ಒಂದು ಕ್ಯಾನು ಪೂರ್ತಿ ಸುರಿದು, ಪರಿಮಳ ಹೊರಗೆ ಹೋಗದಿರಲೆಂದು ಕಿಟಕಿ ಬಾಗಿಲು ಬಿಗಿದೆ. ಸಂಜೆ ನನ್ನ ಹೆಂಡತಿ ಪದ್ಮಶ್ರೀ ಬಂದು ಇಣುಕಿದಳು.

"ಹೆಂಗೈತೆ?" ಎಂದೆ.

"ಬಸ್ ಸ್ಟ್ಯಾಂಡ್ ಪಾಯಿಖಾನೆಲಿ ಇಲಿ ಸತ್ತಂಗೈತೆ."

ಎರಡನೆಯ ದಾಳಿ ಸಾಂಬ್ರಾಣಿಯದು. ಬಾಂಡಲಿ ತುಂಬ ಕೆಂಡ, ಅದರ ಮೇಲೆ ಸಾಂಬ್ರಾಣಿ ಪುಡಿ. ಹೊಗೆ ಕ್ಯಾಬಿನ್ ತುಂಬಿ, ಸಂದುಗೊಂದುಗಳಲ್ಲಿ ನುಗ್ಗಿ, ಮೋಡದಂತೆ ಮೇಲೆದ್ದಿತು. ಪಕ್ಕದ ತೋಟದಲ್ಲಿ ಔಷಧಿ ಹೊಡೆಯುತ್ತಿದ್ದ ಬಯ್ಯಪ್ಪ ಅದನ್ನು ಕಂಡ. ಗಾಬರಿಯಾದರೆ ಅವನ ಬಾಯಲ್ಲಿ ಬರುವುದು ತೆಲುಗೇ.

"ಅನ್ನೋ! ಪಡವ ಕಾಲಿಪೋತಾ ಉಂದಿ! ಬೋಟಿಗೆ ಬೆಂಕಿ ಬಿತ್ತಣ್ಣೋ!"

"ಬೆಂಕಿಯಲ್ಲ ಮಾರಾಯಾ, ಸಾಂಬ್ರಾ..."

ಮಾತು ಮುಗಿಯುವುದರೊಳಗೆ ಸ್ಪ್ರೇ ಮಷಿನ್ನಿನ ಪೈಪು ಕಿಟಕಿಯನ್ನು ತಳ್ಳಿಕೊಂಡು ಒಳಗೆ ಭೋರ್ಗರೆಯಿತು. ಮಷಿನ್ನಿನಲ್ಲಿ ಇದ್ದದ್ದು ನೀರಾದರೂ ಆಗಬಾರದಿತ್ತೇ? ಬೇವಿನೆಣ್ಣೆ ದ್ರಾವಣ! ಸೀಟುಗಳ ಸ್ಪಂಜು ಅದನ್ನು ಕೊನೆಯ ಹನಿಯವರೆಗೂ ಹೀರಿಕೊಂಡಿತು.

"ಟೈಮಿಗೆ ಸರಿಯಾಗಿ ನೋಡ್ದೆ ಅಣ್ಣಾ, ಇಲ್ಲಾಂದ್ರೆ ಬೂದಿ ಆಗೋಗಿರೋದು," ಎಂದು ಬಯ್ಯಪ್ಪ ಬೆವರು ಒರೆಸಿಕೊಂಡ. ಬೈಯುವುದು ಹೇಗೆ? ಥ್ಯಾಂಕ್ಸ್ ಹೇಳಿ ಕಳಿಸಿದೆ.

ಶನಿವಾರ ಚಿಕ್ಕಬಳ್ಳಾಪುರಕ್ಕೆ ಓಡಿ ಅತ್ತರು ತಂದೆ. ಅಂಗಡಿಯವನು "ಒಂದೇ ಹನಿ ಸಾಕು ಸಾರ್" ಎಂದಿದ್ದ. ನಾನು ಅರ್ಧ ಬಾಟಲಿ ಚಿಮುಕಿಸಿದೆ. ಅತ್ತರೂ ಸೇರಿ ನಾತ ಇನ್ನೂ ಕೆಟ್ಟಿತು. ಅಂದು ನನಗೆ ಅನ್ನ ಸೇರಲಿಲ್ಲ. ಮಗಳು ತಟ್ಟೆಯಲ್ಲಿ ಗೆರೆ ಎಳೆಯುತ್ತಾ ಕೂತಿದ್ದಳು. ಪದ್ಮಶ್ರೀ ಮಾತ್ರ ಅಂದೇಬಿಟ್ಟಳು.

"ಇಷ್ಟು ದಿನ ನೀವು ಈ ಮನೆಗೆ ನಾಥ ಅನ್ಕೊಂಡಿದ್ದೆ. ಆ ಬೋಟಿಗೆ ನೀವೇ ನಾತ!"

ಭಾನುವಾರ ಬೆಳಗ್ಗೆ ಅವಳೇ ಸೆರಗು ಸೊಂಟಕ್ಕೆ ಸಿಕ್ಕಿಸಿ ಬೋಟು ಹತ್ತಿದಳು. "ಕಾಲಡಿ ಹಲಗೆ ಎತ್ತಿ ನೋಡಿದ್ರಾ?"

"ತಳ ಕಣೇ ಅದು. ತಳದಲ್ಲಿ ಏನಿರುತ್ತೆ?"

ಎತ್ತಿದಳು. ಇತ್ತು! ಕಪ್ಪಗೆ ಮಡುಗಟ್ಟಿದ ಕೊಳೆನೀರು, ಅದರಲ್ಲಿ ಕೊಳೆತ ಎಲೆ, ಹೊಟ್ಟೆ ಮೇಲೆ ಮಾಡಿ ತೇಲುವ ಮೀನು. ನಾನು ಮೂರು ದಿನ ಪೂಜೆ ಮಾಡಿದ್ದು ಗೋಪುರಕ್ಕೆ. ದೇವರು ಕೂತಿದ್ದದ್ದು ಬುಡದಲ್ಲಿ!

ತಾಯಿ ಮಗಳು ಸೀಟಿನ ಸ್ಪಂಜೆಲ್ಲ ಕಿತ್ತೆಸೆದು, ಕಿಟಕಿಗಳನ್ನು ಹಾರುಹೊಡೆದು, ಜಮಖಾನ ಹಾಸಿದರು. ನಾನು ಬಕೆಟ್ಟಿನಲ್ಲಿ ಕೊಳೆನೀರು ಮೊಗೆದು ಮೊಗೆದು ಹೊರಗೆ ಸಾಗಿಸಿದೆ. ಗಾಳಿ ಆಡಿತು. ಮೂಗು ಅರಳಿಸಿ ಎಳೆದುಕೊಂಡೆ. ಏನೂ ಇಲ್ಲ! ಶಿರೀಷಾ ಮೊದಲ ಸಲ ನಕ್ಕಳು. ಇಬ್ಬರೂ ಸೀರೆ ಉಡಲು ಮನೆಗೆ ಓಡಿದರು. ನಾನು ಕೊನೆಯ ಬಕೆಟ್ಟು ಹಿಡಿದು ದಡಕ್ಕೆ ಕಾಲಿಟ್ಟೆ.

ಪೋಂ ಪೋಂ!

ಹೇಳಿದ ಹೊತ್ತಿಗಿಂತ ಮೊದಲೇ ಚಿಂತಾಮಣಿಯ ಕಾರು ತೋಟದ ದಾರಿಯಲ್ಲಿತ್ತು. ನಾನು ಬೆಚ್ಚಿದೆ. ಹೊಂಡದ ಪ್ಲಾಸ್ಟಿಕ್ ಹಾಳೆ ಜಾರಿತು. ಬಕೆಟ್ಟು ಆಕಾಶಕ್ಕೆ ಹೋಗಿ, ಅಲ್ಲಿ ಕೆಲಸವಿಲ್ಲವೆಂದು ನೇರ ನನ್ನ ತಲೆ ಮೇಲೆ ಇಳಿಯಿತು, ಮೀನಿನ ಸಮೇತ!

ಸ್ನಾನಕ್ಕೆ ಮನೆಗೆ ಹೋಗೋಣವೆಂದರೆ ಮನೆಗೂ ನನಗೂ ನಡುವೆ ಬೀಗರ ಕಾರು ನಿಂತಿತ್ತು. ಮೀನು ಕೊಡವಿ, ಟವಲಿನಲ್ಲಿ ಮುಖ ತಲೆ ಒರೆಸಿ, ಉಳಿದರ್ಧ ಬಾಟಲಿ ಅತ್ತರನ್ನು ಅಂಗಿ ಮೇಲೆ ಬಗ್ಗಿಸಿಕೊಂಡು, ಕೈ ಮುಗಿದು ನಿಂತೆ.

"ಬನ್ನಿ ಬನ್ನಿ, ಚೆನ್ನರಾಯಪ್ಪನೋರೇ!"

ಹುಡುಗನ ತಂದೆ ಚೆನ್ನರಾಯಪ್ಪನವರು ತಬ್ಬಿಕೊಳ್ಳಲು ಬಂದವರು ನಡುದಾರಿಯಲ್ಲಿ ನಮಸ್ಕಾರಕ್ಕೆ ಬದಲಾಯಿಸಿದರು. ತಾಯಿ ಶ್ಯಾಮಲಮ್ಮ ಸೆರಗನ್ನು ಮೂಗಿಗೆ ಒತ್ತಿ ಹಿಡಿದರು. ಸೀರೆಯುಟ್ಟು ಬಂದ ಶಿರೀಷಾ ನನ್ನನ್ನು ನೋಡಿ ಬಿಳಿಚಿಕೊಂಡಳು. ಅವಳೂ ಹುಡುಗನೂ ಬೋಟು ಹತ್ತಿದರು, ಅವರ ಹಿಂದೆಯೇ ಶ್ಯಾಮಲಮ್ಮನೂ! ನನ್ನ ಜೀವ ಬಾಯಿಗೆ ಬಂತು. ಆ ತಾಯಿ ಕ್ಯಾಬಿನ್ನಿನ ನಾಲ್ಕೂ ಮೂಲೆ ಮೂಸಿದರು. ಸೆರಗು ಕೆಳಗಿಳಿಯಿತು.

"ಆಹಾ! ಎಷ್ಟು ಚೆಂದ ಇಟ್ಕೊಂಡವ್ರೆ! ಉಸಿರಾಡಕ್ಕೇ ಸುಖ ಆಗ್ತೈತೆ."

ಹುಡುಗ, ಹುಡುಗಿ ಮಾತಾಡಿ ನಗುನಗುತ್ತಾ ಹೊರಬಂದರು. ಚೆನ್ನರಾಯಪ್ಪನವರು ಅಲ್ಲೇ, "ನಮಗೆ ಒಪ್ಪಿಗೆ ಕಣ್ರೀ" ಎಂದರು. ನನ್ನ ಕಣ್ಣಲ್ಲಿ ನೀರು! ಗೆದ್ದೆನೆಂದು ಎದೆಯುಬ್ಬಿಸಿ, "ಎಲ್ಲಾ ಕ್ಯಾಬಿನ್ ಒಳಗೆ ಕೂತು ಒಂದು ಫೋಟೋ ತೆಗೆಸ್ಕೊಳಣ!" ಎಂದು ಬೋಟಿಗೆ ಒಂದು ಕಾಲಿಟ್ಟೆ.

ಶ್ಯಾಮಲಮ್ಮ ಬಾಗಿಲಿಗೆ ಅಡ್ಡ ಬಂದು ತುಂಬ ವಿನಯದಿಂದ ಕೈ ಮುಗಿದರು.

"ನೀವು ದಡದಲ್ಲೇ ನಿಂತು ತೆಗೀರಿ, ಬೀಗರೇ. ಆ ಕಡೆ ದಡಕ್ಕೆ ಮಾತ್ರ ಹೋಗ್ಬೇಡಿ, ಗಾಳಿ ಅಲ್ಲಿಂದ ಈ ಕಡೆಗೆ ಬೀಸ್ತಾ ಐತೆ."