ಬಿಸಿಲಲ್ಲಿ ಓಡಿದ ವೈಪರ್

ನಮ್ಮ ಕೈಗಳು ನಮ್ಮ ಮಾತು ಕೇಳುತ್ತವೆ ಎಂದು ನಾವೆಲ್ಲ ನಂಬಿಕೊಂಡಿರುತ್ತೇವೆ. ನಾನೂ ನಂಬಿದ್ದೆ, ಲಾಸ್ ಏಂಜಲೀಸಿಗೆ ಬಂದು ಸ್ಟಿಯರಿಂಗ್ ಹಿಡಿಯುವವರೆಗೆ. ಬೆಂಗಳೂರಿನಲ್ಲಿ ಆರು ವರ್ಷ ಓಡಿಸಿದ ನನ್ನ ಕಾರಿನಲ್ಲಿ ಇಂಡಿಕೇಟರ್ ಇದ್ದದ್ದು ಬಲಗೈ ಕಡೆ. ಇಲ್ಲಿ ಅದು ಎಡಗೈಗೆ. ಬಲಗೈಗೆ ಸಿಗುವುದು ವೈಪರ್. ಹೀಗಾಗಿ ಮೋಡದ ಚೂರೂ ಇಲ್ಲದ ಬಿಸಿಲಲ್ಲಿ, ಪ್ರತಿ ತಿರುವಿಗೂ ನನ್ನ ಕಾರು ಒಣಗಾಜನ್ನು ಕರಕರ ಉಜ್ಜಿಕೊಳ್ಳುತ್ತಿತ್ತು. ಡ್ರೈವಿಂಗ್ ಟೆಸ್ಟಿನಲ್ಲಿ ಎರಡು ಸಲ ಫೇಲಾದೆ. ಮೂರನೆಯದೂ ಹೋದರೆ ಮತ್ತೆ ಮೊದಲಿಂದ ಅಪ್ಲೈ ಮಾಡಬೇಕು. ಹೊಸ ಕೆಲಸ ಶುರುವಾಗಲು ಉಳಿದಿದ್ದು ಎರಡೇ ವಾರ. ಆಫೀಸು ಕಲ್ವರ್ ಸಿಟಿಯಲ್ಲಿ. ನಾನಿದ್ದದ್ದು ಅಲ್ಲಿಂದ ನಲವತ್ತು ಕಿಲೋಮೀಟರ್ ದೂರದ ಪೋರ್ಟರ್ ರ್ಯಾಂಚಿನ ಗುಡ್ಡದ ಮೇಲೆ.

ಅಲ್ಲಿ ನನಗೆ ತಮ್ಮ ಮನೆಯ ಕೆಳಗಿನ ರೂಮು ಕೊಟ್ಟವರು ಅಮ್ಮನ ಗೆಳತಿ ವಿಮಲಾ ಆಂಟಿ. ಮೈಸೂರಿನವರು, ಮಕ್ಕಳ ಡಾಕ್ಟರಾಗಿದ್ದು ರಿಟೈರಾದವರು. ನಾನೋ ವಿಡಿಯೋ ನೋಡಿ ನೋಡಿಯೇ ಮಿದುಳಿನ ವಿಜ್ಞಾನದ ಹುಚ್ಚು ಹಿಡಿಸಿಕೊಂಡವನು. "ಆಂಟಿ, ಕೈ ಮಾಡಿದ ಕೆಲಸ ನೆನೆಸಿದ್ದಕ್ಕಿಂತ ಚೆನ್ನಾಗ್ ಬಂದ್ರೆ ಮಿದುಳಲ್ಲಿ ಡೋಪಮೀನ್ ಅನ್ನೋ ರಸ ಚಿಮ್ಮತ್ತಂತೆ. ಆಗ ಆ ಕೆಲಸ ಮಾಡಿದ ನರಗಳ ನಂಟು ಗಟ್ಟಿಯಾಗತ್ತಂತೆ! ಅಸಿಟೈಲ್‌ಕೋಲೀನ್ ಅಂತ ಇನ್ನೊಂದಿದೆ, ಅದು ಗಮನ ಆಚೆ ಈಚೆ ಹೋಗ್ದಂಗೆ ಹಿಡಿದಿಡತ್ತಂತೆ!" ಎಂದು ಒಂದೇ ಉಸಿರಿಗೆ ಹೇಳಿದೆ.

"ನಲವತ್ತು ವರ್ಷ ಡಾಕ್ಟರಾಗಿದ್ದೆ ಕಣೋ, ನಂಗೇ ಪಾಠ ಮಾಡ್ತೀಯಾ?" ಎಂದರು ಆಂಟಿ. ಆದರೆ ಮರುದಿನ ಪ್ರಾಕ್ಟೀಸಿಗೆ ಹೊರಟಾಗ ಪಕ್ಕದ ಸೀಟಿನಲ್ಲಿ ಅವರು, ಅವರ ಮಡಿಲಲ್ಲಿ ಕಡಲೆಕಾಯಿ ಚಿಕ್ಕಿಯ ಡಬ್ಬಿ. ಎಡಗೈ ಸರಿಯಾಗಿ ಇಂಡಿಕೇಟರ್ ಹಾಕಿದರೆ ಬಲಗೈಗೆ ಒಂದು ಚೂರು ಚಿಕ್ಕಿ. ಒಮ್ಮೊಮ್ಮೆ ಬೇಕೆಂದೇ ಕೊಡುತ್ತಿರಲಿಲ್ಲ.

"ಆಂಟಿ, ಈ ಸಲ ಕರೆಕ್ಟಾಗೇ ಹಾಕಿದ್ನಲ್ಲ?"

"ಪ್ರತಿ ಸಲ ಸಿಗತ್ತೆ ಅಂತ ಗೊತ್ತಾದ್ರೆ ನಿನ್ನ ಡೋಪಮೀನ್ ಯಾಕಪ್ಪಾ ಎದ್ದು ಕೂರತ್ತೆ? ಸುಮ್ನೆ ರೋಡ್ ನೋಡು."

ಎಂಥ ವಿದ್ಯೆ! ಒಂದು ವಾರದಲ್ಲಿ ಎಡಗೈ ತಾನಾಗಿಯೇ ಇಂಡಿಕೇಟರಿಗೆ ಹೋಗತೊಡಗಿತು. ಹಿಂದಿನ ದಿನ ಎಡವಿದ ತಿರುವು ಬೆಳಿಗ್ಗೆ ಎದ್ದರೆ ಸಲೀಸು; ನಾನು ಗೊರಕೆ ಹೊಡೆಯುವಾಗ ಮಿದುಳು ಪಾಠ ತಿರುವಿಹಾಕುತ್ತಿತ್ತು. ತಲೆಯೊಳಗೆ ಇಷ್ಟು ನಿಷ್ಠೆಯ ಕೆಲಸಗಾರರಿದ್ದಾರೆ ಎಂದು ನನಗೇ ನನ್ನ ಮೇಲೆ ಗೌರವ ಬಂತು.

ಟೆಸ್ಟಿನ ದಿನ ಪಕ್ಕದಲ್ಲಿ ಕೂತವರು ನಗು ಎಂದರೇನೆಂದು ಗೊತ್ತಿಲ್ಲದಂಥ ಒಬ್ಬ ಮಹಿಳೆ. ಮೊದಲ ತಿರುವು ಬಂತು. ಎಡಗೈ ಇಂಡಿಕೇಟರ್ ಹಾಕಿತು. ಗಾಜು ಒರೆಸಿಕೊಳ್ಳಲಿಲ್ಲ. ನಾನು ಹಿಗ್ಗುವಷ್ಟರಲ್ಲಿ ಬಲಗೈ ಸ್ಟಿಯರಿಂಗ್ ಬಿಟ್ಟು, ಅಂಗೈ ಬಿಚ್ಚಿ, ಅವರ ಮುಂದೆ ಚಾಚಿಕೊಂಡಿತ್ತು. ಅವರು ಅಂಗೈ ನೋಡಿದರು, ನನ್ನ ಮುಖ ನೋಡಿದರು. "ಬೋತ್ ಹ್ಯಾಂಡ್ಸ್ ಆನ್ ದ ವೀಲ್, ಪ್ಲೀಸ್." ಉಳಿದ ದಾರಿಯುದ್ದಕ್ಕೂ ಬಲಗೈಯನ್ನು ಸ್ಟಿಯರಿಂಗಿಗೆ ಒತ್ತಿ ಹಿಡಿದೆ. ಒಂದು ತಪ್ಪಿನ ಗುರುತಿನೊಂದಿಗೆ ಪಾಸಾದೆ.

ಹೋದ ವಾರ ಆಂಟಿಯನ್ನು ಸ್ಯಾನ್ ಡಿಯಾಗೋ ಪಕ್ಕದ ಡೆಲ್ ಮಾರ್‌ನಲ್ಲಿರುವ ಅವರ ತಂಗಿಯ ಮನೆಗೆ ಕರೆದುಕೊಂಡು ಹೊರಟಿದ್ದೆ. ಸ್ಯಾನ್ ಡಿಯಾಗೋ ಹತ್ತಿರವಾಗುತ್ತಿದ್ದಂತೆ, ಅಪರೂಪಕ್ಕೆ, ದಬದಬ ಮಳೆ. ಮುಂದಿನ ಗಾಜು ಪೂರ್ತಿ ಮಸುಕು.

"ವೈಪರ್ ಹಾಕೋ!" ಎಂದು ಕೂಗಿದರು ಆಂಟಿ.

ಎಡಗೈ ಥಟ್ಟನೆ ಇಂಡಿಕೇಟರ್ ಹಾಕಿತು. ಬಲಗೈ ಅಂಗೈ ಬಿಚ್ಚಿಕೊಂಡು ಚಿಕ್ಕಿಗಾಗಿ ಕಾಯುತ್ತಿತ್ತು.